ವಾರ್ನಾದ ಅರ್ಧ ಅಂಕ

2018ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನಾ ವಿಶ್ವ ಚೆಸ್ ಪಟ್ಟಕ್ಕಾಗಿ ಎದುರುಬದುರು ಕುಳಿತರು. ಹನ್ನೆರಡು ಆಟ ಆಡಿದರು, ಹನ್ನೆರಡೂ ಡ್ರಾ. ಕೊನೆಗೆ ವೇಗದ ಆಟಗಳನ್ನು ಆಡಿಸಿ, ಅದರಲ್ಲಿ 3–0 ಅಂತರದಿಂದ ಗೆದ್ದ ಕಾರ್ಲ್‌ಸನ್‌ಗೆ ಪಟ್ಟ ಉಳಿಯಿತು. ಆಗ ಎಲ್ಲ ಕಡೆ ಕೇಳಿಬಂದ ಮಾತು ಒಂದೇ: ಚೆಸ್ ಸತ್ತುಹೋಗಿದೆ, ಇದಕ್ಕೊಂದು ಮದ್ದು ಬೇಕು. ಆ ಹನ್ನೆರಡರಲ್ಲಿ ಮೊದಲನೆಯದು 115 ನಡೆಗಳವರೆಗೆ, ಹತ್ತಿರಹತ್ತಿರ ಏಳು ಗಂಟೆ ನಡೆದಿತ್ತು. ಅದರ ಬಹುಪಾಲು ಕಾರ್ಲ್‌ಸನ್ ಗೆಲುವಿಗಾಗಿ ಒತ್ತುತ್ತಲೇ ಇದ್ದರು, ಕರುವಾನಾ ಬಿಟ್ಟುಕೊಡಲಿಲ್ಲ. ಆರನೆಯ ಆಟದಲ್ಲಿ ಸರದಿ ತಿರುಗಿತು. ಅಲ್ಲಿ ಕರುವಾನಾಗೆ ಗೆಲುವಿತ್ತು ಎಂದು ನಾರ್ವೆಯ ಸೂಪರ್‌ಕಂಪ್ಯೂಟರ್ ತೋರಿಸಿತು. ಹತ್ತಾರು ನಡೆ ಮುಂದಿದ್ದ ಆ ದಾರಿ ಮನುಷ್ಯರ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ. ಮರುದಿನದ ಕ್ರೀಡಾಪುಟಕ್ಕೆ ಎರಡೂ ಬರೀ ಡ್ರಾ.

ಡ್ರಾ ಎಂದರೆ ಏನೂ ಆಗಲಿಲ್ಲ ಎಂದು ಓದಿಕೊಳ್ಳುವ ಈ ಅಭ್ಯಾಸದ ಬಗ್ಗೆ ನನಗೆ ಬಹುಕಾಲದಿಂದ ತಕರಾರಿದೆ. ಟೆಸ್ಟ್ ಕ್ರಿಕೆಟ್ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2002ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ಸೋಲಿನತ್ತ ಜಾರುತ್ತಿದ್ದ ಪಂದ್ಯವನ್ನು ದ್ರಾವಿಡ್ 115 ರನ್ ಹೊಡೆದು ಉಳಿಸಿಕೊಂಡಾಗ, ಫಲಿತಾಂಶ ಡ್ರಾ ಎಂದು ನಮ್ಮಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. ಚೆಸ್‌ನಲ್ಲೂ ಅಂಥ ಡ್ರಾಗಳಿವೆ. ಜೊತೆಗೆ, ಇಬ್ಬರೂ ಕೈಕುಲುಕಿ ಅರ್ಧ ಗಂಟೆಯಲ್ಲಿ ಎದ್ದುಹೋದ ಡ್ರಾಗಳೂ ಇವೆ. ಅಂಕಪಟ್ಟಿಯಲ್ಲಿ ಎರಡಕ್ಕೂ ಅದೇ ಅರ್ಧ ಅಂಕ. ಈ ಎರಡರ ನಡುವಿನ ಅಂತರ ತಿಳಿಯಬೇಕೆಂದರೆ 1962ಕ್ಕೆ ಹೋಗಬೇಕು. ಎರಡೂ ಬಗೆಯ ಡ್ರಾಗಳು ಒಂದೇ ವರ್ಷದಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಹೆಚ್ಚುಕಡಿಮೆ ಅದೇ ಜನರ ಕೈಯಲ್ಲಿ ಹುಟ್ಟಿದ್ದು ಆಗ.

ಅದಕ್ಕೆ ಮೊದಲು ಒಂದು ಮೂಲಭೂತ ವಿಷಯ. ಚೆಸ್‌ನಲ್ಲಿ ಎದುರಾಳಿಗಿಂತ ಬಲ ಹೆಚ್ಚಿದ್ದರೆ ಸಾಲದು, ಸಾಕಷ್ಟು ಹೆಚ್ಚಿರಬೇಕು. ಒಬ್ಬರ ಹತ್ತಿರ ರಾಜ ಮತ್ತು ಎರಡು ಕುದುರೆ, ಇನ್ನೊಬ್ಬರ ಹತ್ತಿರ ಬರೀ ರಾಜ ಉಳಿದರೂ ಗೆಲುವನ್ನು ಬಲವಂತವಾಗಿ ಪಡೆಯಲಾಗದು. ಇನ್ನೂ ಸರಳವಾದ ಉದಾಹರಣೆ ಬೇಕೆಂದರೆ, ಮಣೆಯ ತೀರಾ ಅಂಚಿನ ಸಾಲಿನಲ್ಲಿ ಒಂದು ಕಾಲಾಳನ್ನಿಡಿ, ಜೊತೆಗೆ ಅದರ ರಾಜ. ಎದುರು ಪಕ್ಷದ ರಾಜ ಆ ಕಾಲಾಳಿನ ಮುಂದಿನ ಮೂಲೆಯ ಮನೆಗೆ ಹೋಗಿ ಕೂತರೆ ಮುಗಿಯಿತು. ಅವನನ್ನು ಅಲ್ಲಿಂದ ಎಬ್ಬಿಸಲಾಗದು. ಹೆಚ್ಚು ಒತ್ತಿದರೆ ಅವನಿಗೆ ಆಡಲು ಮನೆಯೇ ಇಲ್ಲದಾಗಿ ಸ್ಟೇಲ್‌ಮೇಟ್ ಆಗುತ್ತದೆ, ಅಂದರೆ ಡ್ರಾ. ಅದೇ ಕಾಲಾಳು ಮಣೆಯ ನಡುವಿನ ಸಾಲಿನಲ್ಲಿದ್ದರೆ ಅನೇಕ ಸಲ ಗೆಲುವು. ಒಂದು ಕಾಲಾಳು ಹೆಚ್ಚಿರುವುದು ಗೆಲುವೋ ಅಲ್ಲವೋ ಎಂಬುದು ಅದು ಎಲ್ಲಿದೆ, ರಾಜರು ಎಲ್ಲಿದ್ದಾರೆ, ಯಾರ ಸರದಿ ಎಂಬುದರ ಮೇಲೆ ನಿಂತಿದೆ.

ಸೋಲುತ್ತಿರುವವನಿಗೆ ಚೆಸ್ ಬಿಟ್ಟಿರುವ ಜಾಗ ಇದು. ಈ ಜಾಗವೇ ಇಲ್ಲದಿದ್ದರೆ ಮೊದಲ ತಪ್ಪಿನ ಹೊತ್ತಿಗೇ ಆಟ ಮುಗಿದುಹೋಗುತ್ತಿತ್ತು. ಮುಂದಿನ ನಾಲ್ಕು ಗಂಟೆ ಕೂರಲು ಕಾರಣವಿರುತ್ತಿರಲಿಲ್ಲ, ರಕ್ಷಣೆ ಎಂಬ ಕಲೆಯೂ ಬೆಳೆಯುತ್ತಿರಲಿಲ್ಲ. ಕೆಳಗೆ ಬಿದ್ದವನು ಒಂದೊಂದೇ ಕಾಯಿಯನ್ನು ಬದಲಾಯಿಸಿಕೊಳ್ಳುತ್ತಾ, ಗೆಲ್ಲಲು ಬೇಕಾದ ಸಾಮಗ್ರಿ ಎದುರಾಳಿಯ ಕೈಯಲ್ಲಿ ಉಳಿಯದಂತೆ ಮಾಡುತ್ತಾನೆ. ಮೇಲಿರುವವನು ಆ ಸಣ್ಣ ಅಂತರವನ್ನು ಹಿಗ್ಗಿಸಲು ಹೊಸ ಹೊಸ ಕಡೆ ಒತ್ತುತ್ತಾನೆ. ದೊಡ್ಡ ಆಟಗಾರರ ನಡುವಿನ ಉದ್ದನೆಯ ಆಟಗಳಲ್ಲಿ ಬಹುಪಾಲು ಗುದ್ದಾಟ ನಡೆಯುವುದು ಈ ಅಂತರದೊಳಗೇ.

ಇನ್ನು 1962. ಆ ಬೇಸಿಗೆಯಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ವಿಶ್ವ ಚಾಂಪಿಯನ್ ಮಿಖಾಯಿಲ್ ಬೋಟ್ವಿನ್ನಿಕ್ ಅವರಿಗೆ ಸವಾಲು ಹಾಕುವವರು ಯಾರು ಎಂದು ತೀರ್ಮಾನಿಸುವ ಟೂರ್ನಿ ಅದು. ಎಂಟು ಆಟಗಾರರು, ಪ್ರತಿಯೊಬ್ಬರ ಜೊತೆ ನಾಲ್ಕು ಆಟ. ಸೋವಿಯತ್ ಒಕ್ಕೂಟದ ಟಿಗ್ರಾನ್ ಪೆಟ್ರೋಸಿಯಾನ್, ಪಾಲ್ ಕೆರೆಸ್, ಯೆಫಿಮ್ ಗೆಲ್ಲರ್ ಈ ಮೂವರೂ ತಮ್ಮತಮ್ಮೊಳಗೆ ಆಡಿದ ಹನ್ನೆರಡು ಆಟಗಳೂ ಡ್ರಾ ಆದವು. ಸರಾಸರಿ ಸುಮಾರು 19 ನಡೆ. ಅಷ್ಟರಲ್ಲಿ ಚೆಸ್ ಆಟ ಸರಿಯಾಗಿ ಶುರುವಾಗಿರುವುದೂ ಅನುಮಾನ. ಮೂವರೂ ಒಬ್ಬರ ವಿರುದ್ಧ ಒಬ್ಬರು ಬೆವರು ಸುರಿಸದೆ, ಬಿಸಿಲ ದ್ವೀಪದ ಆ ಸುದೀರ್ಘ ಟೂರ್ನಿಯಲ್ಲಿ ದಿನಗಟ್ಟಲೆ ವಿಶ್ರಾಂತಿ ಗಳಿಸಿದರು, ತಮ್ಮ ಶಕ್ತಿಯನ್ನು ಉಳಿದವರ ಮೇಲೆ ಖರ್ಚು ಮಾಡಿದರು. ಪೆಟ್ರೋಸಿಯಾನ್ ಮೊದಲಿಗರಾದರು, ಅರ್ಧ ಅಂಕ ಹಿಂದೆ ಕೆರೆಸ್ ಮತ್ತು ಗೆಲ್ಲರ್. ನಾಲ್ಕನೆಯ ಸ್ಥಾನ ಅಮೆರಿಕದ 19 ವರ್ಷದ ಬಾಬಿ ಫಿಷರ್ ಅವರಿಗೆ.

ಫಿಷರ್ ಸುಮ್ಮನಿರುವ ಜಾಯಮಾನದವರಲ್ಲ. ಆಗಸ್ಟ್‌ನಲ್ಲಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯಲ್ಲಿ, ರಷ್ಯನ್ನರು ವಿಶ್ವ ಚೆಸ್ಸನ್ನು ಮೊದಲೇ ಗೊತ್ತುಮಾಡಿಕೊಂಡು ಆಡುತ್ತಿದ್ದಾರೆ ಎಂದು ನೇರವಾಗಿ ಬರೆದರು. ಸೋತ ಹುಡುಗನ ಹೊಟ್ಟೆಯುರಿ ಎಂದು ಆಗ ಹಲವರು ತಳ್ಳಿಹಾಕಿದರು. ಫಿಷರ್ ಆ ಟೂರ್ನಿಯಲ್ಲಿ ಗೆಲ್ಲುವಷ್ಟು ಚೆನ್ನಾಗಿ ಆಡಿರಲಿಲ್ಲ ಎನ್ನುವುದೂ ನಿಜವೇ. ಆದರೆ ಮೂವರ ನಡುವೆ ಒಪ್ಪಂದವಿದ್ದದ್ದು ನಿಜವೆಂದು ಸೋವಿಯತ್ ತಂಡದ ಜೊತೆ ಅಲ್ಲಿದ್ದ ಯೂರಿ ಅವೆರ್ಬಾಕ್ ದಶಕಗಳ ನಂತರ ಹೇಳಿದರು. ಚೆಸ್ ಫೆಡರೇಷನ್ ಅಷ್ಟು ಕಾಲ ಕಾಯಲಿಲ್ಲ. 1965ರಿಂದ ಕ್ಯಾಂಡಿಡೇಟ್ಸ್ ಟೂರ್ನಿಯನ್ನು ಕೈಬಿಟ್ಟು, ಇಬ್ಬಿಬ್ಬರು ಮುಖಾಮುಖಿಯಾಗಿ ಆಡಿ ಒಬ್ಬರು ಹೊರಬೀಳುವ ಪದ್ಧತಿಗೆ ಬಂತು. ಹನ್ನೆರಡು ಡ್ರಾಗಳು ಒಂದು ವ್ಯವಸ್ಥೆಯನ್ನೇ ಬದಲಿಸಿದವು.

ಲೇಖನದ ಕಾವು ಆರುವ ಮೊದಲೇ, ಸೆಪ್ಟೆಂಬರ್ ನಡುವಿನಲ್ಲಿ, ಬಲ್ಗೇರಿಯಾದ ಕಪ್ಪು ಸಮುದ್ರದ ದಂಡೆಯ ವಾರ್ನಾ ನಗರದಲ್ಲಿ ಚೆಸ್ ಒಲಿಂಪಿಯಾಡ್ ಶುರುವಾಯಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರಾದಾಗ ಮೊದಲ ಬೋರ್ಡಿನಲ್ಲಿ ಬಿಳಿಕಾಯಿ ಬೋಟ್ವಿನ್ನಿಕ್ ಅವರದು, ಕಪ್ಪು ಫಿಷರ್ ಅವರದು. ಒಬ್ಬರಿಗೆ 51 ವರ್ಷ, ಇನ್ನೊಬ್ಬರಿಗೆ 19. ಬೋಟ್ವಿನ್ನಿಕ್ 1948ರಲ್ಲೇ ವಿಶ್ವ ಪಟ್ಟ ಗೆದ್ದವರು, ನಡುವೆ ಎರಡು ಸಲ ಕಳೆದುಕೊಂಡು ಎರಡೂ ಸಲ ಮರಳಿ ಪಡೆದವರು. ವೃತ್ತಿಯಿಂದ ವಿದ್ಯುತ್ ಎಂಜಿನಿಯರ್, ಚೆಸ್‌ನಲ್ಲೂ ಎಂಜಿನಿಯರನ ಶಿಸ್ತು. ಮನೆಯಲ್ಲಿ ಕೂತು ಆರಂಭದ ನಡೆಗಳನ್ನು ವಾರಗಟ್ಟಲೆ ಶೋಧಿಸಿ, ಎದುರಾಳಿಯನ್ನು ತಾವು ಮೊದಲೇ ಅಳೆದಿಟ್ಟ ನೆಲಕ್ಕೆ ಎಳೆತರುವುದು ಅವರ ವಿಧಾನ. ಇಂದಿನ ಆಟಗಾರರು ಕಂಪ್ಯೂಟರ್ ಮುಂದೆ ಕೂತು ಮಾಡುವ ತಯಾರಿಯನ್ನು ಅವರು ಬರೀ ಮಣೆ, ನೋಟ್‌ಬುಕ್ ಇಟ್ಟುಕೊಂಡು ಮಾಡಿದರು.

ವಾರ್ನಾದಲ್ಲೂ ಹಾಗೇ ಆಯಿತು. ಫಿಷರ್ ಗ್ರುನ್‌ಫೆಲ್ಡ್ ರಕ್ಷಣೆ ಆಡಿದರು. ಆಟ ಹೋದ ದಾರಿಯನ್ನು ಬೋಟ್ವಿನ್ನಿಕ್ ಕೆಲವು ವರ್ಷಗಳ ಹಿಂದೆಯೇ, ಸೋವಿಯತ್ ಆಟಗಾರ ಸ್ಮಿಸ್ಲೋವ್ ವಿರುದ್ಧದ ವಿಶ್ವ ಪಟ್ಟದ ಪಂದ್ಯಕ್ಕಾಗಿ, ಮನೆಯಲ್ಲಿ ಶೋಧಿಸಿಟ್ಟಿದ್ದರು. (ಮಣೆಯ ಉದ್ದ ಸಾಲುಗಳನ್ನು ಎ-ಯಿಂದ ಎಚ್‌ವರೆಗಿನ ಅಕ್ಷರಗಳಿಂದ, ಅಡ್ಡ ಸಾಲುಗಳನ್ನು ಒಂದರಿಂದ ಎಂಟರವರೆಗಿನ ಅಂಕಿಗಳಿಂದ ಗುರುತಿಸುತ್ತಾರೆ.) 17ನೆಯ ನಡೆಯಲ್ಲಿ ಅವರು ಇ ಸಾಲಿನ ಕಾಲಾಳನ್ನು ಮುಂದೆ ತಳ್ಳಿದರು. ಅದು ಎಫ್-6ರಲ್ಲಿದ್ದ ಫಿಷರ್ ಅವರ ರಾಣಿಯ ಮೇಲೆ ಬಿತ್ತು.

ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಬಿಳಿಯ ರಾಣಿ ಸಿ-5ರಲ್ಲಿದೆ, ಅದರ ಮೇಲೆ ಕಪ್ಪು ಕುದುರೆಯೊಂದರ ಕಣ್ಣಿದೆ. ಹಾಗಾದರೆ ಫಿಷರ್ ಆ ರಾಣಿಯನ್ನು ಹೊಡೆಯಬಹುದಲ್ಲ? ಹೊಡೆದರೆ ಬಿಳಿಯ ಕಾಲಾಳು ಕಪ್ಪು ರಾಣಿಯನ್ನು ಹೊಡೆದು, ಅದೇ ಏಟಿಗೆ ಒಂಟೆಯ ಮೇಲೂ ಬೀಳುತ್ತದೆ. ಜೊತೆಗೆ ಇ-3ರಲ್ಲಿ ನಿಂತ ಬಿಳಿಯ ಒಂಟೆ ಸಿ-5ನ್ನು ಕಾಯುತ್ತಿದೆ, ಅಲ್ಲಿಗೆ ಬಂದ ಕುದುರೆಯನ್ನು ಅದು ಹೊಡೆಯುತ್ತದೆ. ಲೆಕ್ಕ ಮುಗಿಯುವ ಹೊತ್ತಿಗೆ ಕಪ್ಪಿಗೆ ಒಂದು ದೊಡ್ಡ ಕಾಯಿ ನಷ್ಟ. ಹಾಗಾಗಿ ಕಪ್ಪು ರಾಣಿ ಓಡಲೇಬೇಕು, ಓಡಿದಲ್ಲೆಲ್ಲ ಬಿಳಿಗೆ ಮೇಲುಗೈ. ಬೋಟ್ವಿನ್ನಿಕ್ ಅವರ ನೋಟ್‌ಬುಕ್ ಇಷ್ಟನ್ನು ಹೇಳುತ್ತಿತ್ತು.

ಫಿಷರ್ ರಾಣಿಯನ್ನು ಎಫ್-4ಕ್ಕೆ ಆಡಿದರು. ಅಲ್ಲಿದ್ದ ಕಾಲಾಳನ್ನು ಹೊಡೆದು, ಬಿಳಿಯ ಒಂಟೆಯ ಬಾಯಿಗೇ ತಮ್ಮ ರಾಣಿಯನ್ನಿಟ್ಟರು. ಒಂಟೆ ಅದನ್ನು ಹೊಡೆಯಿತು, ಬೇರೆ ದಾರಿಯಿರಲಿಲ್ಲ. ಆದರೆ ಹೊಡೆದ ಕ್ಷಣ ಆ ಒಂಟೆ ಇ-3ರ ಕಾವಲನ್ನು ಬಿಟ್ಟಿತು. ಈಗ ಕುದುರೆ ಸಿ-5ರ ರಾಣಿಯನ್ನು ಹೊಡೆದರೆ ತಿರುಗಿ ಹೊಡೆಯುವವರಿಲ್ಲ. ರಾಣಿಗೆ ರಾಣಿ ಹೋಯಿತು, ಕಪ್ಪಿಗೆ ಕಾಲಾಳೊಂದು ಲಾಭವಾಗಿ ದಕ್ಕಿತು. ಚಾಂಪಿಯನ್ನರು ಮನೆಯಲ್ಲಿ ಕೂತು ನೋಡಿ ನೋಡಿ ಪಕ್ಕಾ ಮಾಡಿದ್ದ ದಾರಿಯಲ್ಲಿ ಇದ್ದ ಒಂದೇ ತೂತನ್ನು ಹತ್ತೊಂಬತ್ತರ ಹುಡುಗ ಗಡಿಯಾರ ಓಡುತ್ತಿರುವಾಗ, ಮಣೆಯ ಮುಂದೆ ಕೂತು ಕಂಡುಹಿಡಿದಿದ್ದ. ಈ ನಡೆಯನ್ನು ತಾವು ಕಂಡೇ ಇರಲಿಲ್ಲವೆಂದು ಬೋಟ್ವಿನ್ನಿಕ್ ನಂತರ ಒಪ್ಪಿಕೊಂಡರು.

ಅಲ್ಲಿಂದ ಮುಂದೆ ಬೋಟ್ವಿನ್ನಿಕ್ ಅವರದು ಉಳಿಯುವ ಆಟ. ಕಾಯಿಗಳು ಒಂದೊಂದಾಗಿ ಮಣೆಯಿಂದ ಇಳಿದವು. ಫಿಷರ್ ಕೆಲವು ಬದಲಾವಣೆಗಳಿಗೆ ಅವಸರ ಮಾಡಿದರು ಎಂಬ ಅಭಿಪ್ರಾಯವಿದೆ, ನನಗೂ ಹಾಗೆಯೇ ಕಾಣುತ್ತದೆ. ಕಾಯಿಗಳು ಹೆಚ್ಚಿದ್ದಾಗ ಬಿಳಿಯ ಹರಿದುಹೋದ ಕಾಲಾಳುಗಳನ್ನು ಕಾಡುವುದು ಸುಲಭವಿತ್ತು. 42ನೆಯ ನಡೆಯ ಹೊತ್ತಿಗೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಬಿಳಿಗೆ ಮೂರು ಕಾಲಾಳು, ಕಪ್ಪಿಗೆ ನಾಲ್ಕು. ಆನೆಗಳು ಉಳಿದ ಅಂತ್ಯಾಟಗಳೆಲ್ಲ ಡ್ರಾ ಎಂದು ಚೆಸ್ ಆಟಗಾರರಲ್ಲಿ ಒಂದು ಮಾತಿದೆ. ಅದು ಪೂರ್ತಿ ನಿಜವಲ್ಲ, ಆದರೆ ಮಾತು ಹುಟ್ಟಲು ಕಾರಣವಿದೆ: ಆನೆ ಎಷ್ಟು ದೂರದಿಂದ ಬೇಕಾದರೂ ಚೆಕ್ ಕೊಡುತ್ತಾ ಎದುರಾಳಿಯ ರಾಜನನ್ನು ಕೆಲಸ ಮಾಡಗೊಡುವುದಿಲ್ಲ. ಈ ಆಟದಲ್ಲಿ ಮಾತ್ರ ಫಿಷರ್ ಅವರ ಸ್ಥಿತಿ ನಿಜಕ್ಕೂ ಚೆನ್ನಾಗಿತ್ತು. ಅವರ ರಾಜ ಮುಂದೆ ಬಂದು ನಿಂತಿದ್ದ, ಒಂದು ಕಾಲಾಳು ಹೆಚ್ಚಿತ್ತು. ವಾರ್ನಾದಲ್ಲಿ ಅಂದು ಯಾರನ್ನು ಕೇಳಿದರೂ ಕಪ್ಪು ಗೆಲ್ಲುತ್ತದೆ ಎನ್ನುತ್ತಿದ್ದರು.

ಆಗ ಆಟವನ್ನು ಮುಂದಕ್ಕೆ ಹಾಕಿದರು.

ಈಗಿನ ಓದುಗರಿಗೆ ಈ ಪದ್ಧತಿ ಹೊಸದೆನಿಸಬಹುದು. ಆ ಕಾಲದಲ್ಲಿ ಸುಮಾರು ಐದು ಗಂಟೆ ಆಡಿದರೂ ಆಟ ಮುಗಿಯದಿದ್ದರೆ, ಸರದಿಯಲ್ಲಿದ್ದವರು ತಮ್ಮ ಮುಂದಿನ ನಡೆಯನ್ನು ಗುಟ್ಟಾಗಿ ಬರೆದು ಲಕೋಟೆಯಲ್ಲಿ ಮುಚ್ಚಿ ತೀರ್ಪುಗಾರರಿಗೆ ಕೊಡುತ್ತಿದ್ದರು. ಮರುದಿನವೋ ಬಿಡುವಿನ ದಿನವೋ ಲಕೋಟೆ ಒಡೆದು ಆಟ ಮುಂದುವರಿಸುತ್ತಿದ್ದರು. ನಡುವಿನ ಹೊತ್ತಿನಲ್ಲಿ ಆಟಗಾರರು ಆ ಸ್ಥಿತಿಯನ್ನು ಎಷ್ಟು ಬೇಕಾದರೂ ಶೋಧಿಸಬಹುದು, ಗೆಳೆಯರ ನೆರವನ್ನೂ ಪಡೆಯಬಹುದು. ಕಂಪ್ಯೂಟರ್‌ಗಳು ಬಲವಾದ ಮೇಲೆ ಇದಕ್ಕೆ ಅರ್ಥವಿಲ್ಲದಾಗಿ 1990ರ ದಶಕದಲ್ಲಿ ಪದ್ಧತಿ ನಿಂತುಹೋಯಿತು. ಒಂದು ನಷ್ಟವೂ ಆಯಿತೆಂದು ನನ್ನ ಭಾವನೆ. ಹೋಟೆಲ್ ಕೋಣೆಯಲ್ಲಿ ರಾತ್ರಿಯಿಡೀ ಒಂದೇ ಸ್ಥಿತಿಯ ಮುಂದೆ ಐದಾರು ಜನ ಕೂತು ಜಗಳವಾಡುತ್ತಾ ಹುಡುಕುವ ಆ ಕೆಲಸದಲ್ಲಿ ಅಂತ್ಯಾಟದ ಜ್ಞಾನ ಎಷ್ಟೋ ಬೆಳೆದಿತ್ತು.

ಸೋವಿಯತ್ ತಂಡದಲ್ಲಿ ಬೋಟ್ವಿನ್ನಿಕ್ ಜೊತೆ ಇದ್ದವರು ಪೆಟ್ರೋಸಿಯಾನ್, ಸ್ಪಾಸ್ಕಿ, ಕೆರೆಸ್, ಗೆಲ್ಲರ್, ತಾಲ್. ಜಗತ್ತಿನಲ್ಲಿ ಇದಕ್ಕಿಂತ ಬಲವಾದ ಗುಂಪು ಬೇರೆಲ್ಲೂ ಸಿಗುತ್ತಿರಲಿಲ್ಲ. ಸುಮ್ಮನೆ ಕಾಯುತ್ತಾ ಕೂತರೆ ಬಿಳಿ ಸೋಲುವುದು ಸ್ಪಷ್ಟವಾಗಿತ್ತು. ಕಪ್ಪು ರಾಜ ನಿಧಾನವಾಗಿ ನುಗ್ಗಿಬರುತ್ತಾನೆ, ಬಿಳಿಯ ಆನೆ ಕಾಲಾಳುಗಳ ಕಾವಲಿಗೇ ಕಟ್ಟಿಹಾಕಿಕೊಳ್ಳುತ್ತದೆ. ದಾರಿ ಕಂಡವರು ಗೆಲ್ಲರ್. ಹೌದು, ಕುರಸಾವೊದಲ್ಲಿ ಹತ್ತೊಂಬತ್ತಿಪ್ಪತ್ತು ನಡೆಗೆ ಕೈಕುಲುಕಿ ಎದ್ದಿದ್ದ ಮೂವರಲ್ಲಿ ಒಬ್ಬರಾದ ಅದೇ ಗೆಲ್ಲರ್.

ಅವರ ಸಲಹೆ ಮೊದಲ ನೋಟಕ್ಕೆ ಆತ್ಮಹತ್ಯೆಯಂತೆ ಕಾಣುತ್ತದೆ. ಬಿಳಿಗೆ ಎ ಸಾಲಿನಲ್ಲಿ ಒಂದು ಕಾಲಾಳಿದೆ. ಕಪ್ಪಿನ ಎ ಮತ್ತು ಬಿ ಕಾಲಾಳುಗಳನ್ನು ತಡೆದು ನಿಂತಿರುವುದು ಅದೊಂದೇ. ಅದನ್ನು ಕಪ್ಪು ಆನೆಗೆ ಬಿಟ್ಟುಕೊಡಿ, ಬದಲಿಗೆ ಆನೆಯನ್ನು ಏಳನೆಯ ಸಾಲಿಗೆ ನುಗ್ಗಿಸಿ ಎಚ್-7ರ ಕಾಲಾಳನ್ನು ಹೊಡೆಯಿರಿ ಎಂದರು ಗೆಲ್ಲರ್. ಇದರಿಂದ ಕಪ್ಪಿಗೆ ಪಕ್ಕಪಕ್ಕದ ಎರಡು ಕಾಲಾಳುಗಳು ಅಡ್ಡಿಯೇ ಇಲ್ಲದ ದಾರಿಯಲ್ಲಿ ಓಡಲು ಸಿಗುತ್ತವೆ. ಅಂಥ ಜೋಡಿ ಎದುರಾಳಿಗೆ ಸಿಕ್ಕರೆ ಆಟ ಮುಗಿಯಿತೆಂದು ಯಾವ ಪಾಠಪುಸ್ತಕವಾದರೂ ಹೇಳುತ್ತದೆ. ಗೆಲ್ಲರ್ ಅವರ ಲೆಕ್ಕ ಬೇರೆ: ಆ ಜೋಡಿ ಇನ್ನೂ ತಮ್ಮ ಮನೆಯ ಹತ್ತಿರವೇ ಇದೆ, ಓಡಲು ಬಹಳ ದೂರವಿದೆ. ಅಷ್ಟರಲ್ಲಿ ಮಣೆಯ ಇನ್ನೊಂದು ತುದಿಯಲ್ಲಿ ಬಿಳಿ ತನ್ನ ಎಚ್ ಕಾಲಾಳನ್ನು ಅಷ್ಟೇ ವೇಗದಲ್ಲಿ ಓಡಿಸಬಹುದು. ಸಾಯುವುದನ್ನು ತಡೆಯಲಾಗದಿದ್ದಾಗ ಎದುರಾಳಿಗೂ ಬಿಡುವಿಲ್ಲದಂತೆ ಮಾಡುವುದು ರಕ್ಷಣೆಯ ಅತ್ಯಂತ ಕಷ್ಟದ ಪಾಠ. ಮಣೆಯ ಮುಂದೆ ಕೂತವನಿಗೆ ಭಯವೇ ಕಣ್ಣು ಕಟ್ಟುತ್ತದೆ, ಇದ್ದ ಒಂದೆರಡು ಕಾಲಾಳನ್ನು ಬಿಗಿಯಾಗಿ ಹಿಡಿದುಕೊಳ್ಳುವಂತೆ ಮಾಡುತ್ತದೆ.

ಆಟ ಮತ್ತೆ ಶುರುವಾಯಿತು. 46ನೆಯ ನಡೆಯಲ್ಲಿ ಬಿಳಿಯ ಆನೆ ಎಫ್-7ಕ್ಕೆ, 47ರಲ್ಲಿ ಎಚ್-7ರ ಕಾಲಾಳು ಹೋಯಿತು. ಫಿಷರ್ ಎ ಕಾಲಾಳನ್ನು ಹೊಡೆದರು. ಕೆಲವೇ ನಡೆಗಳಲ್ಲಿ ಬಿಳಿಯ ಆನೆ ಜಿ-7ರಲ್ಲಿ ನಿಂತು ಕಪ್ಪಿನ ಜಿ ಕಾಲಾಳಿನ ಮೇಲೆ ಕಣ್ಣಿಟ್ಟಿತು. ಫಿಷರ್ ತಮ್ಮ ಆನೆಯನ್ನು ಎ-1ಕ್ಕೆ ಇಳಿಸಿದರು. ಇದೊಂದು ಬಲೆ. ಬಿಳಿ ಆ ಕಾಲಾಳನ್ನು ಹೊಡೆದ ಕೂಡಲೇ ಕಪ್ಪು ಆನೆ ಜಿ-1ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಪಕ್ಕಕ್ಕೆ ಸರಿದರೆ ಅದೇ ಸಾಲಿನಲ್ಲಿ ಹಿಂದೆ ನಿಂತ ಬಿಳಿಯ ಆನೆ ಸಿಕ್ಕಿಬೀಳುತ್ತದೆ. ಬೋಟ್ವಿನ್ನಿಕ್ ಅದನ್ನು ನೋಡಿ, 51ನೆಯ ನಡೆಯಲ್ಲಿ ರಾಜನನ್ನು ಆ ಸಾಲಿನಿಂದ ಎಫ್-3ಕ್ಕೆ ಸರಿಸಿದರು.

ಫಿಷರ್ ಬಿ ಕಾಲಾಳನ್ನು ಎರಡನೆಯ ಯೋಚನೆಯಿಲ್ಲದೆ ಮುಂದೆ ತಳ್ಳಬಹುದಾದ ಸ್ಥಿತಿ ಅದು, ಓಟಕ್ಕೆ ಬಿಡಬೇಕಾದ ಕಾಲಾಳೇ ಅದು. ಬಿ-6ರಿಂದ ಬಿ-5ಕ್ಕೆ ತಳ್ಳಿದರು. ಆಟದ ಹಣೆಬರಹ ಬದಲಾದದ್ದು ಇಲ್ಲಿ. ಅವರ ರಾಜ ಇ-5ರಲ್ಲಿದ್ದ. ಈಗ ಕಾಲಾಳು ಬಿ-5ಕ್ಕೆ ಬಂದದ್ದರಿಂದ ರಾಜ, ಕಾಲಾಳು ಎರಡೂ ಐದನೆಯ ಸಾಲಿನಲ್ಲಿ, ನಡುವೆ ಖಾಲಿ ಮನೆಗಳು. ಬೋಟ್ವಿನ್ನಿಕ್ ಎಚ್ ಕಾಲಾಳನ್ನು ಎಚ್-5ಕ್ಕೆ ದೂಡಿ ಬಲಿಗಿಟ್ಟರು. ಕಪ್ಪಿನ ಜಿ ಕಾಲಾಳು ಅದನ್ನು ಹೊಡೆದರೆ ಜಿ ಸಾಲು ತೆರೆದುಕೊಳ್ಳುತ್ತದೆ. ಆಗ ಬಿಳಿಯ ಆನೆ ಜಿ-5ಕ್ಕೆ ಜಿಗಿದು ರಾಜನಿಗೆ ಚೆಕ್, ರಾಜ ಸರಿದ ಮೇಲೆ ಅದೇ ಸಾಲಿನ ಇನ್ನೊಂದು ತುದಿಯ ಬಿ-5ರ ಕಾಲಾಳು ಕೈಗೆ. ಫಿಷರ್ ನಡುವೆ ಒಂದು ಚೆಕ್ ಕೊಟ್ಟು ನೋಡಿದರು. ಬಿಳಿಯ ರಾಜ ಜಿ-2ಕ್ಕೆ ಹೋದ, ಬೇರೇನೂ ಬದಲಾಗಲಿಲ್ಲ. 54ರಲ್ಲಿ ಚೆಕ್ ಬಂತು, 55ರಲ್ಲಿ ಬಿ ಕಾಲಾಳು ಹೋಯಿತು. ಅಷ್ಟು ಭಯ ಹುಟ್ಟಿಸಿದ್ದ ಜೋಡಿ ಮುರಿದುಬಿತ್ತು.

ಕಪ್ಪಿಗೆ ಆಗಲೂ ಒಂದು ಕಾಲಾಳು ಹೆಚ್ಚು. ಆದರೆ ಉಳಿದ ಎರಡು ಒಂದು ಎ ಸಾಲಿನದು, ಇನ್ನೊಂದು ಎಚ್ ಸಾಲಿನದು. ಮಣೆಯ ಎರಡು ತೀರಾ ಅಂಚುಗಳು. ಅಂಚಿನ ಕಾಲಾಳು ಹೇಗೆ ಗೆಲುವು ಕೊಡದೆ ಸತಾಯಿಸುತ್ತದೆ ಎಂದು ಮೇಲೆ ನೋಡಿದೆವು. ಬಿಳಿಯ ಎಫ್ ಕಾಲಾಳು ಓಡುತ್ತಾ ಬಂದು ಕಪ್ಪು ರಾಜನನ್ನು ಹಿಡಿದು ನಿಲ್ಲಿಸಿತು. ಫಿಷರ್ ಇನ್ನೂ ಹದಿಮೂರು ನಡೆ ಪ್ರಯತ್ನಿಸಿದರು, 68ನೆಯ ನಡೆಯಲ್ಲಿ ಡ್ರಾ ಒಪ್ಪಿಕೊಂಡರು. ಒಲಿಂಪಿಯಾಡ್‌ನ ಚಿನ್ನವೂ ಸೋವಿಯತ್ ತಂಡಕ್ಕೇ ಹೋಯಿತು.

ಇಬ್ಬರೂ ಇದನ್ನು ಅಲ್ಲಿಗೆ ಬಿಡಲಿಲ್ಲ. ಫಿಷರ್ 1969ರಲ್ಲಿ ಪ್ರಕಟಿಸಿದ 'ಮೈ 60 ಮೆಮರಬಲ್ ಗೇಮ್ಸ್' ಪುಸ್ತಕಕ್ಕೆ ಈ ಆಟವನ್ನೂ ಆಯ್ದುಕೊಂಡರು. ಬೋಟ್ವಿನ್ನಿಕ್ ಅವರ ಟಿಪ್ಪಣಿಗಳನ್ನು ಎದುರಿಟ್ಟುಕೊಂಡು, ನಡೆ ನಡೆಗೂ ಉತ್ತರ ಬರೆದರು. 51ನೆಯ ನಡೆಯಲ್ಲಿ ಕಾಲಾಳನ್ನು ತಳ್ಳುವ ಬದಲು ರಾಜನನ್ನು ಡಿ-4ಕ್ಕೆ ಆಡಿದ್ದರೆ ತಾವು ಗೆಲ್ಲುತ್ತಿದ್ದೆವು ಎನ್ನುವುದು ಅವರ ವಾದ. ಬೋಟ್ವಿನ್ನಿಕ್ ಒಪ್ಪಲಿಲ್ಲ. ತಾವು ನಡೆಸುತ್ತಿದ್ದ ಶಾಲೆಯ ಮಕ್ಕಳ ಮುಂದೆ ಆ ಸ್ಥಿತಿಯನ್ನಿಟ್ಟರು. ಬಾಕುವಿನಿಂದ ಬಂದಿದ್ದ ಹುಡುಗನೊಬ್ಬ ಕೂತು ಶೋಧಿಸಿ, ರಾಜ ಡಿ-4ಕ್ಕೆ ಹೋದರೂ ಬಿಳಿಯ ಎಚ್ ಕಾಲಾಳು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಆಟ ಡ್ರಾ ಎಂದು ತೋರಿಸಿದ. ಅವನು ಗ್ಯಾರಿ ಕ್ಯಾಸ್ಪರೋವ್. ಹುಟ್ಟಿದ್ದು 1963ರ ಏಪ್ರಿಲ್‌ನಲ್ಲಿ, ವಾರ್ನಾದ ಆಟ ಮುಗಿದು ಆರು ತಿಂಗಳಾದ ಮೇಲೆ. ಮೂರು ತಲೆಮಾರಿನ ಮೂವರು ವಿಶ್ವ ಚಾಂಪಿಯನ್ನರು ಒಂದೇ ಅರ್ಧ ಅಂಕದ ಸುತ್ತ ವಾದ ಮಾಡಿದ್ದಾರೆ. ಗೆದ್ದ ಆಟಗಳಲ್ಲಿ ಎಷ್ಟಕ್ಕೆ ಈ ಭಾಗ್ಯ ಸಿಕ್ಕಿದೆ?

ಅವರಿಬ್ಬರೂ ಮತ್ತೆ ಮಣೆಯ ಮುಂದೆ ಎದುರಾಗಲಿಲ್ಲ. 1970ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇಬ್ಬರ ನಡುವೆ ಒಂದು ಪಂದ್ಯ ಏರ್ಪಡಿಸುವ ಮಾತುಕತೆ ಬಹುದೂರ ಹೋಗಿ ಮುರಿದುಬಿತ್ತು. ವಾರ್ನಾದ್ದೇ ಅವರ ಏಕೈಕ ಆಟ.

ಈಗ ಡ್ರಾ ತಡೆಯಲು ಎಷ್ಟೋ ಉಪಾಯಗಳು ಬಂದಿವೆ. ಇವುಗಳಲ್ಲಿ ನನಗೆ ಸರಿಕಂಡದ್ದು 2005ರಲ್ಲಿ, ಅದೇ ಬಲ್ಗೇರಿಯಾದ ಸೋಫಿಯಾದಲ್ಲಿ, ಎಂಟೆಲ್ ಮಾಸ್ಟರ್ಸ್ ಟೂರ್ನಿ ತಂದ ನಿಯಮ. ಆಟಗಾರರು ಪರಸ್ಪರ ಡ್ರಾ ಕೇಳಿಕೊಳ್ಳುವಂತಿಲ್ಲ, ತೀರ್ಪುಗಾರರ ಮೂಲಕವೇ ಹೋಗಬೇಕು, ಸ್ಥಿತಿ ನಿಜಕ್ಕೂ ಡ್ರಾ ಆಗಿದ್ದರೆ ಮಾತ್ರ ಒಪ್ಪಿಗೆ. ಇದು ಕುರಸಾವೊದ ಕೈಕುಲುಕುವಿಕೆಯನ್ನು ತಡೆಯುತ್ತದೆ, ವಾರ್ನಾದ ರಾತ್ರಿಯನ್ನು ಮುಟ್ಟುವುದಿಲ್ಲ. 2008ರಲ್ಲಿ ಸ್ಪೇನ್‌ನ ಬಿಲ್ಬಾವೊ ಇನ್ನೊಂದು ದಾರಿ ಹಿಡಿಯಿತು: ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಕೆಲವು ಟೂರ್ನಿಗಳು ಡ್ರಾ ಆದ ಆಟದ ಬೆನ್ನಿಗೇ ಇನ್ನೊಂದು ಮಿಂಚಿನ ಆಟ ಆಡಿಸಿ ಗೆಲುವು-ಸೋಲು ತೀರ್ಮಾನಿಸುತ್ತವೆ. ನೋಡುಗರು ಹೆಚ್ಚಬಹುದು, ಅದರ ಬೆಲೆ ನನಗೆ ಗೊತ್ತು. ಆದರೆ ಮೂರು-ಒಂದು ಲೆಕ್ಕದಲ್ಲಿ ಗೆಲ್ಲರ್ ಕಂಡ ಆ ಆನೆಯ ನಡೆಗೆ ಸಿಗುವ ಬೆಲೆ, ಹತ್ತೊಂಬತ್ತು ನಡೆಗೆ ಎದ್ದುಹೋದವರಿಗೆ ಸಿಗುವಷ್ಟೇ. ಸೋಲನ್ನು ತಪ್ಪಿಸಿಕೊಂಡವನ ದುಡಿಮೆಯನ್ನು ಗೆಲುವಿನ ಮೂರನೆಯ ಒಂದು ಭಾಗಕ್ಕೆ ಇಳಿಸಿದರೆ ಆಟ ಚುರುಕಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಕಳ್ಳ ಡ್ರಾಗಳನ್ನು ಹಿಡಿಯಲು ನಿಯಮ ಬೇಕು. ಶ್ರಮದಿಂದ ದಕ್ಕಿದ ಡ್ರಾಗೆ ದಂಡ ಹಾಕುವ ನಿಯಮ ಬೇಡ.

ಮನೆಯಲ್ಲಿ ಚೆಸ್ ಬೋರ್ಡ್ ಇದ್ದವರು 51ನೆಯ ನಡೆಯ ಸ್ಥಿತಿಯನ್ನು ಇಟ್ಟು ನೋಡಬಹುದು. ಬಿಳಿ: ರಾಜ ಎಫ್-3, ಆನೆ ಜಿ-7, ಕಾಲಾಳು ಎಫ್-2 ಮತ್ತು ಎಚ್-4. ಕಪ್ಪು: ರಾಜ ಇ-5, ಆನೆ ಎ-1, ಕಾಲಾಳು ಎ-7, ಬಿ-6, ಜಿ-6. ಒಟ್ಟು ಒಂಬತ್ತು ಕಾಯಿ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳನ್ನೂ ಕಂಪ್ಯೂಟರ್‌ಗಳು ಪೂರ್ತಿಯಾಗಿ ಬಗೆಹರಿಸಿಟ್ಟಿವೆ, ಇದು ಆ ಗೆರೆಯಿಂದ ಎರಡು ಕಾಯಿ ಆಚೆ. ಮೊದಲು ಬಿ ಕಾಲಾಳನ್ನು ತಳ್ಳಿ ನೋಡಿ, ಐದನೆಯ ಸಾಲಿನ ಆ ಚೆಕ್ ಎಲ್ಲಿಂದ ಬರುತ್ತದೆಂದು ಕಣ್ಣಾರೆ ಕಾಣುತ್ತದೆ. ಆಮೇಲೆ ಫಿಷರ್ ಹೇಳಿದಂತೆ ರಾಜನನ್ನು ಡಿ-4ಕ್ಕೆ ಆಡಿ, ಬಿಳಿಯ ಕಡೆಯಿಂದ ಉಳಿದುಕೊಳ್ಳಲು ಆಗುತ್ತದೆಯೇ ನೋಡಿ. ಹದಿಹರೆಯದ ಕ್ಯಾಸ್ಪರೋವ್‌ಗೆ ಆಗಿತ್ತು.